ಕಲ್ಲಿನ ಚೀಲ ಹೊತ್ತವರು

ಮಂಗಳವಾರ, ಮಧ್ಯಾಹ್ನ

ನನ್ನ ಕಂಚಿನ ಕಂಠದ ಗೆಳತಿಗೆ,

ಈ ಕಥೆಯನ್ನು ಮೊದಲು ಹೇಳಿದವಳು ಗುಡ್ಡದಲ್ಲಿ ಆಡು ಕಾಯುವ ಅಜ್ಜಿ. ಹೋದ ಶನಿವಾರ ಸಂಜೆ, ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು. ಕೇಳಿದವರು ನಾನು ಮತ್ತು ನನ್ನ ಓರಗಿತ್ತಿ. ಈಗ ನಿನಗೂ ದಾಟಿಸುತ್ತಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು. ನಿವೃತ್ತಿಯಾದವರಿಗೆ ಬಿಡುವಿರುತ್ತದೆ ಅಂತ ಹೇಳಿದವರು ಯಾರೋ, ಅವರಿಗೆ ನಿವೃತ್ತ ಗಂಡ ಇದ್ದಿರಲಾರ. ನಿನ್ನ ಮಂಡಿ ನೋವು ಹೇಗಿದೆ?

ನಮ್ಮ ದಂಡನಾಯಕರು ಕ್ಷೇಮ. ನೀರಿನ ಇಲಾಖೆಯಲ್ಲಿ ಇನ್ನೊಬ್ಬರ ಕಾಗದಕ್ಕೆ ಸಹಿ ಹಾಕಿ ಆಯಸ್ಸು ಸವೆಸಿದ ಮನುಷ್ಯ, ಹಳ್ಳಿಗೆ ಬಂದದ್ದೇ ಸಕಲಕಲಾವಲ್ಲಭ ಆಗಿಬಿಟ್ಟರು. ಮೊದಲು ಕೋಳಿಗೂಡು ಕಟ್ಟಿದರು. ಒಳಗೆ ನಿಂತು ನಾಲ್ಕೂ ಗೋಡೆ ಎಬ್ಬಿಸಿದರು, ಬಾಗಿಲು ಇಡುವುದನ್ನು ಮರೆತರು. "ಏನ್ರೀ, ಕೋಳಿ ಸಾಕ್ತೀರೋ, ನೀವೇ ಅಲ್ಲಿರ್ತೀರೋ?" ಅಂದೆ. "ಗಾಳಿ ಬರೋಕೆ ಒಂದು ಕಡೆ ಒಡೀಬೇಕು ಅಂತ ಮೊದಲೇ ಇತ್ತು," ಅಂದರು. ಅವರ ಎಲ್ಲ ತಪ್ಪುಗಳೂ ಮೊದಲೇ ಇರುತ್ತವೆ.

ಆಮೇಲೆ ಹಿಡಿದದ್ದು ಗುಡ್ಡದ ಹುಚ್ಚು. ಮನೆಯ ಹಿಂದೆ ಇದೆಯಲ್ಲ, ನಿನಗೆ ಬರೆದಿದ್ದೆ, ಬಂದ ದಿನವೇ ಹತ್ತೋಣ ಅಂತ ನಾನು ಅಂದಿದ್ದೆ. "ಸುಮ್ಮನೆ ಹತ್ತೋಕೆ ಅದೇನು ಮಾಳಿಗೆ ಮೆಟ್ಟಿಲಾ? ತಯಾರಿ ಬೇಕು," ಅಂದಿದ್ದರು. ತಯಾರಿ ಶುರುವಾಯಿತು: ಹೊಸ ಬೂಟು, ಊರುಗೋಲು, ಒಂದೇ ಥರದ ಎರಡು ಬೆನ್ನುಚೀಲ. ಒಂದು ನಿಜವಾದ ಪ್ರಯಾಣಕ್ಕೆ, ಇನ್ನೊಂದು ಅಭ್ಯಾಸಕ್ಕೆ. ಅಭ್ಯಾಸದ ಚೀಲಕ್ಕೆ ಕೋಳಿಗೂಡಲ್ಲಿ ಮಿಕ್ಕ ಕಲ್ಲು ತುಂಬಿ, ದಿನಾ ಅಂಗಳದ ಬಾವಿ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತಿದ್ದರು. ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ಇವರದು ಬಾವಿಕಟ್ಟೆ ಮುಂದೆ.

ಅಷ್ಟರಲ್ಲಿ ಮೈದುನ ಹೆಂಡತಿ ಸಮೇತ ಬಂದಿಳಿದ. ಅವನೂ ಈಗ ನಿವೃತ್ತ. ಅವನಿಗೆ ನಾನಿಟ್ಟ ಹೆಸರು ಹೌದಣ್ಣ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಅಣ್ಣ "ಗುಡ್ಡ" ಅಂದ, ತಮ್ಮ "ಹೌದಣ್ಣ" ಅಂದ, ಶನಿವಾರಕ್ಕೆ ನಿಗದಿಯಾಯಿತು.

"ನಾವು?" ಅಂತ ಓರಗಿತ್ತಿ ಕೇಳಿದಳು.

"ಮನೆ ನೋಡ್ಕೊಳ್ಳೋರು ಯಾರಾದ್ರೂ ಬೇಕಲ್ಲಮ್ಮ," ಅಂದರು ದಂಡನಾಯಕರು. ಮನೆ ಎಲ್ಲಿಗೆ ಓಡಿಹೋಗುತ್ತದೋ!

ನಾನು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ನೀರು ಎಲ್ಲ ತುಂಬಿ ಚೀಲವನ್ನು ಬಾಗಿಲ ಪಕ್ಕ ಇಟ್ಟೆ. "ನನ್ನ ಸಾಮಾನು ನಾನೇ ಎತ್ಕೋತೀನಿ, ಕೈ ಹಾಕ್ಬೇಡ," ಅಂದರು. ಹಾಕಲಿಲ್ಲ. ಅವರು ಗೇಟು ದಾಟಿ ಎಷ್ಟೋ ಹೊತ್ತಾದ ಮೇಲೆ ಕಸ ಗುಡಿಸಲು ಹೋದೆ. ಊಟದ ಚೀಲ ಇಟ್ಟಲ್ಲೇ ಕೂತಿತ್ತು. ಪಕ್ಕದಲ್ಲಿದ್ದ ಅಭ್ಯಾಸದ ಚೀಲ ಇರಲಿಲ್ಲ.

ಪಾಪ, ಅವರದೇನು ತಪ್ಪು! ಬೆನ್ನಿಗೆ ಅಭ್ಯಾಸವಾದ ಭಾರ ಸರಿಯಾಗಿಯೇ ಇತ್ತಲ್ಲ.

"ಅಕ್ಕ, ಹಾಳಾಗಬಾರದು," ಅಂದಳು ಓರಗಿತ್ತಿ. ತಿಂದೆವು. ಚೀಲ ಮಡಚಿ ಬೀರುವಿನ ಹಿಂದೆ ಹಾಕಿದೆವು.

ಸಂಜೆ ಇಬ್ಬರೂ ಒಗೆದ ಬಟ್ಟೆಯ ಹಾಗೆ ಜೋತುಬಿದ್ದುಕೊಂಡು ಬಂದರು. "ಏನ್ ನೋಟ ಅಂತೀಯಾ! ತುದೀಲಿ ಕೂತು ಬ್ರೆಡ್ಡು, ಮೊಟ್ಟೆ ತಿಂದ್ವಿ ನೋಡು, ಅಂಥ ರುಚಿ ಜನ್ಮದಲ್ಲಿ ಕಂಡಿಲ್ಲ," ಅಂದರು.

"ಹೌದಣ್ಣ," ಅಂದ ತಮ್ಮ, ಅನ್ನದ ಪಾತ್ರೆಯಿಂದ ಕಣ್ಣು ಕೀಳದೆ.

ಓರಗಿತ್ತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ದಂಡನಾಯಕರ ಕಣ್ಣು ಬಾಗಿಲ ಪಕ್ಕ ಏನನ್ನೋ ಹುಡುಕುತ್ತಿತ್ತು. ಕೇಳುವ ಹಾಗಿಲ್ಲ, ಕೇಳಿದರೆ ಕಳ್ಳ ಸಿಕ್ಕಿಬಿದ್ದ. ಉಂಡು ಮಲಗಿದರು. ಗೊರಕೆಯಲ್ಲೂ ಅಣ್ಣ ಮುಂದೆ, ತಮ್ಮ ಹಿಂದೆ.

ಆಗ ಅಜ್ಜಿ ಬಂದಳು, ತರಕಾರಿ ಸಿಪ್ಪೆ ಒಯ್ಯಲು. "ನಿಮ್ಮನೆ ಯಜಮಾನ್ರು ಗುಡ್ಡಕ್ಕೆ ಕಲ್ಲು ಹೊತ್ಕೊಂಡು ಬಂದಿದ್ರಲ್ಲವ್ವ! ಗುಡ್ಡದಾಗೆ ಕಲ್ಲಿಗೆ ಬರವಾ?" ಅಂತ ಶುರುಮಾಡಿದಳು. ಅರ್ಧ ದಾರಿಯ ಬಂಡೆ ಮೇಲೆ ಹಸಿದು ಚೀಲ ಬಿಚ್ಚಿದರಂತೆ. ಒಂದೊಂದೇ ಕಲ್ಲು ತೆಗೆದು, ಅಡಿಯಲ್ಲಾದರೂ ಮೊಟ್ಟೆ ಇದೆಯೇನೋ ಅಂತ ನೋಡಿದರಂತೆ. "ಯಾಕೆ ಸ್ವಾಮಿ ಕಲ್ಲು?" ಅಂದದ್ದಕ್ಕೆ, "ಮಣ್ಣಿನ ಗುಣ ಪರೀಕ್ಷೆ ಮಾಡ್ತಿದೀವಿ," ಅಂದರಂತೆ. ಪಕ್ಕದಲ್ಲಿ ಹೌದಣ್ಣ ಹೌದೆಂದನಂತೆ. ಕಡೆಗೆ ಅಜ್ಜಿ ಕೊಟ್ಟ ನೀರು ಕುಡಿದು, ಅವಳ ಬುತ್ತಿಯಲ್ಲಿ ಪಾಲು ತಿಂದು, ಅಲ್ಲಿಂದಲೇ ಕೆಳಗಿಳಿದರು. ಇಳಿಯುವಾಗಲೂ ಕಲ್ಲನ್ನು ಬಿಟ್ಟು ಬರಲಿಲ್ಲ. ಮತ್ತೆ ತುಂಬಿಕೊಂಡು ಹೊತ್ತು ತಂದಿದ್ದಾರೆ! ಕಲ್ಲಿಗಿರುವ ಮರ್ಯಾದೆ ಈ ಮನೆಯಲ್ಲಿ ಇನ್ಯಾರಿಗಿದೆ ಹೇಳು.

ನಿನ್ನ ಮೊಮ್ಮಗುವಿಗೆ ನನ್ನ ಮುತ್ತು. ಸೊಸೆಗೆ ಈ ಸಲವೂ ಸುಖಪ್ರಸವವಾಗಲಿ. ನಿನ್ನ ಮಂಡಿಗೆ ಬಲ ಬರಲಿ, ನಾಲಿಗೆಗೆ ಹೇಗೂ ಇದೆ. ನಿನ್ನವರೂ ನೀನೂ ನಗುನಗುತ್ತಾ ಬಾಳಿ.

ಇಂತಿ,
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿನ್ನ ಪಕ್ಕದ ಕುರ್ಚಿಯವಳು

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಸಿಪ್ಪೆ ಕಟ್ಟಿಕೊಂಡು ಏಳುವಾಗ ಅಜ್ಜಿ ಅಂದಳು: "ಅಮ್ಮೋರು ಯಾಕೆ ಬರ್ಲಿಲ್ಲ ಅಂತ ಕೇಳ್ದೆ ಕಣವ್ವ. 'ಅವಳಿಗೆ ಎಲ್ಲಿಗೂ ಹೋಗೋ ಆಸೇನೇ ಇಲ್ಲ, ಮೊದಲಿಂದ್ಲೂ ಹಂಗೇ' ಅಂದ್ರು." ನನ್ನನ್ನು ಹೀಯಾಳಿಸಿ ಹೇಳಿದ್ದಲ್ಲ ಕಣೆ. ಹಾಗಿದ್ದರೆ ಜಗಳ ಆಡುತ್ತಿದ್ದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಅದೇ ನಿಜ ಅಂತ ನಂಬಿಕೊಂಡು, ದಾರೀಲಿ ಸಿಕ್ಕವಳಿಗೆ ಹೇಳಿದ್ದಾರೆ.

ಮರುದಿನ ಬೆಳಿಗ್ಗೆ, ಅವರಿಬ್ಬರೂ ಏಳುವ ಮೊದಲೇ, ನಾನು ಮತ್ತು ಓರಗಿತ್ತಿ ಹಳೇ ಚಪ್ಪಲಿಯಲ್ಲೇ ಗುಡ್ಡ ಹತ್ತಿದೆವು. ಕೂತು ಕೂತು ಹತ್ತಿದೆವು, ಆದರೆ ಹತ್ತಿದೆವು. ತುದಿಯಲ್ಲಿ ಅವಳು ಏದುಸಿರು ಬಿಡುತ್ತಾ, "ಅಕ್ಕ, ಅವರು ಎದ್ದು ಟೀ ಕೇಳ್ತಿರ್ತಾರೆ, ಇಳಿಯೋಣ್ವಾ?" ಅಂದಳು.

"ಇಳಿಯೋಣ," ಅಂದೆ.

ಆಚೆ ಕಡೆಗೆ ಇಳಿದೆವು.