ಅರ್ಧ ಕೇಳಿದ ಮಟ್ಟು

ಸಮರ್‌ಸೆಟ್, ನ್ಯೂಜರ್ಸಿ
೧೫ ಅಕ್ಟೋಬರ್ ೨೦೨೪, ಮಂಗಳವಾರ

ಚಿ. ಸೌ. ಮಂಜರಿಗೆ,

ನಿನ್ನನ್ನು ಹರಸುವ ಅಧಿಕಾರ ನನಗಿನ್ನೂ ಉಳಿದಿದ್ದರೆ, ಅತ್ತೆಯ ಆಶೀರ್ವಾದ. ಉಳಿದಿಲ್ಲವೆಂದಾದರೆ ಬರೀ ಯೋಗಕ್ಷೇಮ ವಿಚಾರಿಸಿದಳೆಂದು ತಿಳಿದುಕೋ.

ಜೆರಿಕೋದಲ್ಲಿ ತಂಗಿಯ ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ? ನಿನ್ನ ತಂಗಿ ಪ್ರಣೀತಾಗೆ ಈಗಲಾದರೂ ಸ್ವಲ್ಪ ನಿದ್ದೆ ಸಿಗುತ್ತಿದೆಯೇ? ಮಗುವಿನ ಕೆಮ್ಮು ಹೋಯಿತೇ? ಎತ್ತಿಕೊಂಡು ಎತ್ತಿಕೊಂಡು ನಿನ್ನ ಬೆನ್ನು ಏನಾಗಿದೆಯೋ, ನೀನಂತೂ ಬಾಯಿಬಿಟ್ಟು ಹೇಳುವವಳಲ್ಲ. ನನ್ನ ಮಂಡಿ ಮೊನ್ನೆಯಿಂದ ಕೊಂಚ ಹೆಚ್ಚೇ ನೋಯುತ್ತಿದೆ, ಅದರ ಕಾರಣ ಕೆಳಗೆ ಬರುತ್ತದೆ. ನನ್ನ ಮಗರಾಯ ಸುಜಿತ್ ಶನಿವಾರಗಳಂದು ನಿನ್ನನ್ನು ನೋಡಿಕೊಂಡು ಬರುತ್ತಾನೆ, ಭಾನುವಾರವಿಡೀ ಹಿತ್ತಲಿನ ಎಲೆ ಗುಡಿಸುತ್ತಾನೆ. ಏನು ಸಮಾಚಾರ ಎಂದು ಕೇಳಿದರೆ ‘ಹೂಂ, ಚೆನ್ನಾಗಿದಾರೆ’ ಅನ್ನುತ್ತಾನೆ, ಅಷ್ಟೇ. ತಂಗಿಯ ಬಾಣಂತನಕ್ಕೆಂದು ಆರು ವಾರದ ಮಟ್ಟಿಗೆ ಹೋದವಳು ನೀನು. ಈಗ ನಾಲ್ಕನೆಯ ತಿಂಗಳು. ಪಾಪ, ಆ ಮಗುವಿನ ಹೆಸರು ಹೇಳಿಕೊಂಡು ನಾವು ಮೂವರೂ ಕಾಲ ತಳ್ಳುತ್ತಿದ್ದೇವೆ. ಫೋನಿನಲ್ಲಿ ನಾನೂ ನೀನೂ ಮಗುವಿನ ಕೆಮ್ಮು, ಹೊರಗಿನ ಚಳಿ, ಇವೆರಡನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ.

ಜೂನ್ ತಿಂಗಳ ಆ ಭಾನುವಾರದ ಮಾತನ್ನು ಮೊದಲು ಆಡಿಬಿಡುತ್ತೇನೆ. ಮನೆಯಲ್ಲಿ ಹನ್ನೆರಡು ಜನ ರಾತ್ರಿಯೂಟಕ್ಕೆ ಬಂದು ಕೂತಿದ್ದರು. ನೀನು ಜರ್ಸಿ ಸಿಟಿಯ ಪಬ್ಬಿನಲ್ಲಿ ಆ ಐರಿಷ್ ಸಂಗೀತದವರ ಜೊತೆ ಸೆಷನ್ ಮುಗಿಸಿ, ಪಿಟೀಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಅರ್ಧ ಗಂಟೆ ತಡವಾಗಿ ಬಂದೆ. ‘ನಮ್ಮ ಸೊಸೆ ವಾರಕ್ಕೊಂದ್ಸಲ ಹೆಂಡದಂಗಡೀಲಿ ಪಿಟೀಲು ಕುಯ್ದು ಬರ್ತಾಳೆ’ ಎಂದೆ ನಾನು. ಎಲ್ಲರೂ ನಕ್ಕರು. ನಗಲೆಂದೇ ಹೇಳಿದ್ದು. ನೀನು ಕೈ ತೊಳೆದುಕೊಂಡು ಬಂದು ಬಡಿಸಿದೆ. ಆಮೇಲೆ ಆ ಪೆಟ್ಟಿಗೆ ನಿನ್ನ ಕೋಣೆಯ ಕ್ಲಾಸೆಟ್ಟಿನಿಂದ ಹೊರಗೆ ಬರಲಿಲ್ಲ. ಜೆರಿಕೋಗೆ ಹೊರಟಾಗಲೂ ನೀನು ಅದನ್ನು ಬಿಟ್ಟೇ ಹೋದೆ. ನನಗೆ ಗೆದ್ದೆ ಅನ್ನಿಸಿತು, ಎರಡು ದಿನದ ಮಟ್ಟಿಗೆ.

ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ: ಉಡುಪಿಯಲ್ಲಿ ನಾನು ಏಳು ವರ್ಷ ಪಿಟೀಲು ಕಲಿತವಳು. ಮದುವೆಯಾದ ಮೇಲೆ ಯಾರೂ ಬೇಡವೆನ್ನಲಿಲ್ಲ. ನನ್ನ ಅತ್ತೆಯೇ ‘ನುಡಿಸು ಮಾರಾಯ್ತಿ, ಮನೆಯಲ್ಲಿ ಸ್ವಲ್ಪ ಸ್ವರ ಇರಲಿ’ ಎನ್ನುತ್ತಿದ್ದರು. ನಾಳೆ ನಾಳೆ ಎನ್ನುತ್ತಾ ನಾನೇ ಅದನ್ನು ಕಪಾಟಿನ ಮೇಲಿಟ್ಟೆ, ಗೆದ್ದಲು ಹಿಡಿಯಿತು. ದೂರಲು ಒಬ್ಬರೂ ಇಲ್ಲದ ಸಿಟ್ಟು ಬಹಳ ಕೆಟ್ಟದ್ದು, ಕೈಗೆ ಸಿಕ್ಕಿದವರ ಮೇಲೆ ತೀರುತ್ತದೆ. ನೀನು ಕೈಗೆ ಸಿಕ್ಕಿದೆ. ಸಂಜೆ ಆಫೀಸಿನಿಂದ ಬಂದು ಚಹಾ ಕುಡಿದು ಮಾಳಿಗೆಯಲ್ಲಿ ಕಮಾನು ಎತ್ತುತ್ತಿದ್ದೆಯಲ್ಲ, ಹೀಟರಿನ ಗಾಳಿ ಬರುವ ಜಾಲರಿಯಿಂದ ಅದು ನೇರ ನನ್ನ ಅಡಿಗೆಮನೆಗೆ ಇಳಿಯುತ್ತಿತ್ತು. ತಲೆನೋವು ತಲೆನೋವು ಎಂದು ಗೊಣಗುತ್ತಲೇ ಒಗ್ಗರಣೆಯ ಸೌಟು ಹಿಡಿದು ಆ ಜಾಲರಿಯ ಕೆಳಗೇ ನಿಂತಿರುತ್ತಿದ್ದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ನವರಾತ್ರಿಗೂ ಪ್ರತಿವರ್ಷದ ಹಾಗೆ ಪುಸ್ತಕಗಳ ಜೊತೆ ನಿನ್ನ ಪಿಟೀಲನ್ನು ಸರಸ್ವತಿ ಪೂಜೆಗಿಟ್ಟೆ. ವಿಜಯದಶಮಿಯ ಬೆಳಿಗ್ಗೆ ಪೂಜೆಗಿಟ್ಟಿದ್ದನ್ನು ಎತ್ತಿ ಓದಬೇಕು, ನುಡಿಸಬೇಕು. ಸುಜಿತ್ ಪುಸ್ತಕ ತೆರೆದು ಎರಡು ಸಾಲು ಓದಿದ. ಪಿಟೀಲನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಪೂಜೆಯಾದ ವಾದ್ಯ ಒಂದು ಸ್ವರವನ್ನೂ ನುಡಿಯದೆ ಪೆಟ್ಟಿಗೆಗೆ ಹೋಗುವುದು ನನಗೆ ಸರಿಬರಲಿಲ್ಲ. ಅದು ನಿನಗೆ ಕಲಿಸಿದ ನೊರೀನ್ ಎಂಬ ಹಿರಿಯಾಕೆ ಎರವಲು ಕೊಟ್ಟದ್ದೆಂದು ಗೊತ್ತಿತ್ತಲ್ಲ, ಅವರಿಗೇ ಮುಟ್ಟಿಸಿಬಿಟ್ಟರೆ ಯಾರಾದರೂ ನುಡಿಸಿಯಾರು, ನಮ್ಮ ಮನೆಯಿಂದಲೂ ಆ ಗಲಾಟೆ ತೊಲಗೀತು ಎಂದುಕೊಂಡೆ. ಇದರಲ್ಲಿ ಭಕ್ತಿಯೆಷ್ಟು, ಹಟವೆಷ್ಟು ಎಂಬುದನ್ನು ನೀನೇ ಅಳೆದುಕೋ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಆ ಪಬ್ಬಿನ ವಿಳಾಸವಿತ್ತು. ಮರುದಿನ ಭಾನುವಾರ ಪಕ್ಕದ ಮನೆಯ ಬದರಿಯವರು ಜರ್ಸಿ ಸಿಟಿಗೆ ಬೇಳೆ ಅಕ್ಕಿ ತರಲು ಹೊರಟಿದ್ದರು. ಸುಜಿತ್‌ಗೆ ಹೇಳದೆ ಅವರ ಕಾರು ಹತ್ತಿದೆ.

ಹೆಂಡದಂಗಡಿಯೊಳಗೆ ಕಾಲಿಟ್ಟದ್ದು ಅರವತ್ತೇಳು ವರ್ಷದಲ್ಲಿ ಅದೇ ಮೊದಲು. ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ವೇದಿಕೆಯಿಲ್ಲ, ಮೈಕಿಲ್ಲ, ಮುಂದೆ ಪುಸ್ತಕವಿಲ್ಲ. ಆರು ಜನ ಒಂದು ಮೇಜಿನ ಸುತ್ತ, ಕೇಳುವವರಿಗೆ ಬೆನ್ನು ಹಾಕಿ, ಹಪ್ಪಳ ಲಟ್ಟಿಸಲು ಕೂತ ಹೆಂಗಸರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಿದ್ದರು. ಒಬ್ಬರು ಮಟ್ಟು ಎತ್ತಿದರೆ ಗೊತ್ತಿದ್ದವರು ಸೇರಿಕೊಳ್ಳುವುದು, ಗೊತ್ತಿಲ್ಲದವರು ವಾದ್ಯವನ್ನು ತೊಡೆಯ ಮೇಲಿಟ್ಟು ಕೇಳುವುದು. ಮಧ್ಯದಲ್ಲೊಂದು ಕುರ್ಚಿ ಖಾಲಿಯಿತ್ತು. ಮೂಲೆಯ ಬೆಂಚಿನಲ್ಲಿ ಕೂತು, ಮುಗಿಯಲಿ, ಕೊಟ್ಟು ಹೋಗೋಣವೆಂದು ಕಾದೆ. ಅಷ್ಟರಲ್ಲಿ ಬಿಳಿಕೂದಲಿನ ಹೆಂಗಸೊಬ್ಬಳು ಒಬ್ಬಳೇ ಪಿಟೀಲಿನಲ್ಲಿ ನಿಧಾನದ ಮಟ್ಟೊಂದನ್ನು ಎತ್ತಿದಳು. ಎಂಥ ಕಮಾನು ಮಂಜರಿ ಅದು, ಉಸಿರಿನ ಹಾಗೆ ಎಲ್ಲೂ ತುಂಡಾಗಲಿಲ್ಲ. ನನಗರಿವಿಲ್ಲದೆ ತಲೆ ಅಲ್ಲಾಡಿಸುತ್ತಾ, ಕಛೇರಿಯಲ್ಲಿ ಕೂತ ಹಾಗೆ ಲೊಚಗುಟ್ಟಿದೆ. ಎರಡನೆಯ ಸಲ ಲೊಚಗುಟ್ಟಿದಾಗ ಅವಳು ನುಡಿಸುವುದನ್ನೇ ನಿಲ್ಲಿಸಿದಳು. ಎಲ್ಲರೂ ನನ್ನತ್ತ ತಿರುಗಿದರು. ಈ ದೇಶದಲ್ಲಿ ಅದು ಛೀಮಾರಿ ಹಾಕುವ ಸದ್ದೆಂದು ಮೂವತ್ತು ವರ್ಷ ಇಲ್ಲಿದ್ದೂ ನನಗೆ ಹೊಳೆದಿರಲಿಲ್ಲ. ತಾನೆಲ್ಲಿ ತಪ್ಪಿದೆ ಎಂದು ಆಕೆ ಕೇಳಿದಳು. ಅವಳೇ ನಿನ್ನ ನೊರೀನ್. ತಪ್ಪಲ್ಲ ತಾಯಿ, ನಮ್ಮ ಕಡೆ ಸಂಗೀತ ಎದೆಗೆ ತಾಗಿದರೆ ಹೀಗೇ ಮಾಡುತ್ತೇವೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಬೆವರಿಹೋದೆ. ಆಮೇಲೆ ಅವರೂ ಒಬ್ಬರಿಗೊಬ್ಬರು ಲೊಚಗುಟ್ಟಿಕೊಂಡು ನಕ್ಕಿದ್ದೇ ನಕ್ಕಿದ್ದು.

ನೊರೀನ್ ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ಗುರುತಿಸಲಿಲ್ಲ. ಪಿಟೀಲು ತಂದಿದ್ದೀರಲ್ಲ, ಒಂದು ಮಟ್ಟು ನುಡಿಸಿ ಎಂದಳು. ಬೇಡವೆನ್ನಲು ಬಾಯಿ ತೆರೆದೆ. ದಶಮಿಯಂದು ಮೂಕವಾಗಿ ಉಳಿದ ವಾದ್ಯ ಕೈಯಲ್ಲಿತ್ತಲ್ಲ, ಆಗಲಿ ಎಂದುಬಿಟ್ಟೆ. ಕುರ್ಚಿಯಲ್ಲಿ ಕೂತು ಗದ್ದಕ್ಕೆ ಒತ್ತಿ ಹಿಡಿಯುವುದು ನನಗೆ ಬಾರದು. ಚಪ್ಪಲಿ ಬಿಟ್ಟು ನೆಲದ ಮೇಲೇ ಕೂತೆ. ಅಂಗಡಿಯವನು ಓಡಿಬಂದು ಒಗೆದ ಟವೆಲೊಂದನ್ನು ಹಾಸಿಕೊಟ್ಟ. ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಂಡೆ. ನಲವತ್ತೈದು ವರ್ಷದ ಹಿಂದಿನ ಪಾಠ ಒಂದೂ ಬೆರಳಿಗೆ ಬರಲಿಲ್ಲ. ಬಂದದ್ದು ನೀನು ಕಳೆದ ಚಳಿಗಾಲವಿಡೀ ಮಾಳಿಗೆಯಲ್ಲಿ ತಿದ್ದಿ ತಿದ್ದಿ ನುಡಿಸುತ್ತಿದ್ದ ಮಟ್ಟು. ಹೇಗೂ ಇವರದೇ ಅಲ್ಲವೇ, ತಡವರಿಸಿದರೆ ಇವರು ಎತ್ತಿಕೊಳ್ಳುತ್ತಾರೆ ಎಂಬ ಧೈರ್ಯದಲ್ಲಿ ಶುರುಮಾಡಿದೆ. ಯಾರೂ ಎತ್ತಿಕೊಳ್ಳಲಿಲ್ಲ. ಆರೂ ಮಂದಿ ವಾದ್ಯವನ್ನು ತೊಡೆಯ ಮೇಲಿಟ್ಟು ಕೇಳಿದರು. ಅವರಲ್ಲಿ ಒಬ್ಬರಿಗೂ ಆ ಮಟ್ಟು ಗೊತ್ತಿರಲಿಲ್ಲ. ಅದು ನೀನೇ ಕಟ್ಟುತ್ತಿದ್ದ ಮಟ್ಟೆಂದು ನನಗೆ ಆಗ ಹೊಳೆಯಿತು. ಮತ್ತೆ ಮೊದಲಿಂದ ನುಡಿಸಿದಾಗ ಕೇಳಿದಷ್ಟನ್ನು ಹಿಡಿದುಕೊಂಡು ಮೆಲ್ಲಗೆ ನನ್ನ ಜೊತೆ ಬಂದರು. ಅದರ ಕೊನೆ ಮುಟ್ಟಿ ಎಲ್ಲರೂ ನುಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾ ಕೂತರು. ಅವರ ಮಟ್ಟುಗಳಿಗೆ ಎರಡು ಭಾಗವಂತೆ, ಎರಡನೆಯದನ್ನು ಟರ್ನ್ ಅನ್ನುತ್ತಾರಂತೆ. ಟರ್ನ್ ಎಲ್ಲಿ ಎಂದಳು ನೊರೀನ್. ನನ್ನ ಹತ್ತಿರ ಇರಲಿಲ್ಲ.

ಯಾರಿಂದ ಕಲಿತಿರಿ ಎಂದು ಕೇಳಿದಳು. ಅದನ್ನು ಕೇಳುವುದು ಅವರ ಪದ್ಧತಿಯಂತೆ, ಮಟ್ಟಿಗೆ ಹೆಸರಿಲ್ಲದಿದ್ದರೂ ನಡೆದೀತು, ಕೊಟ್ಟವರ ಹೆಸರು ಹೇಳಬೇಕು. ‘ಮೈ ಡಾಟರ್ ಇನ್ ಲಾ, ಮಂಜರಿ’ ಎಂದೆ. ಆಗ ಅವಳು ಪಿಟೀಲನ್ನು ಸರಿಯಾಗಿ ನೋಡಿದಳು. ಅವಳು ಸಂಗೀತ ಬಿಟ್ಟಳೆಂದು ಜುಲೈನಲ್ಲಿ ನೀವೇ ಫೋನಿನಲ್ಲಿ ಹೇಳಿದಿರಲ್ಲ ಎಂದಳು. ಹೌದು ಮಂಜರಿ, ಹೇಳಿದ್ದೆ. ನೀನು ಜೆರಿಕೋಗೆ ಹೋದ ಮರುವಾರ ಅವಳು ಮನೆಯ ನಂಬರಿಗೆ ಫೋನ್ ಮಾಡಿದ್ದಳು, ಅವಳ ಡೈರಿಯಲ್ಲಿರುವುದು ಅದೊಂದೇ. ‘ಶಿ ಸ್ಟಾಪ್ಡ್ ಮ್ಯೂಸಿಕ್, ಡೋಂಟ್ ಕಾಲ್’ ಎಂದು ನಾನೇ ಇಟ್ಟುಬಿಟ್ಟೆ. ಅಲ್ಲಿಯವರು ನಿನ್ನನ್ನು ಒಂದು ಮಾತೂ ವಿಚಾರಿಸಲಿಲ್ಲವೆಂದು ನೀನು ನೊಂದುಕೊಂಡದ್ದನ್ನು ಸುಜಿತ್ ಆಗಸ್ಟಿನಲ್ಲಿ ಹೇಳಿದಾಗಲೂ ನಾನು ತರಕಾರಿ ಹೆಚ್ಚುತ್ತಾ ಸುಮ್ಮನಿದ್ದೆ. ಭಾನುವಾರ ಅದನ್ನು ಆರು ಜನರ ಮುಂದೆ, ನೆಲದ ಮೇಲೆ ಕೂತೇ ಒಪ್ಪಿಕೊಂಡೆ. ಯಾರೂ ಬಯ್ಯಲಿಲ್ಲ. ಆ ಖಾಲಿ ಕುರ್ಚಿ ನಿನ್ನದಂತೆ. ಪಿಟೀಲನ್ನು ಮುಂದೆ ನೂಕಿದರೆ ನೊರೀನ್ ಮುಟ್ಟಲೂ ಇಲ್ಲ, ಅದೀಗ ಮತ್ತೆ ನಿನ್ನ ಕೋಣೆಯಲ್ಲೇ ಇದೆ. ನನ್ನನ್ನು ನೆಲದಿಂದ ಎಬ್ಬಿಸಲು ಇಬ್ಬರು ಬೇಕಾಯಿತು. ಮಂಡಿಯ ಕಥೆ ಅದು.

ತಪ್ಪಾಯಿತು ಮಂಜರಿ. ಹಿರಿಯಳೆಂದು ಮುಚ್ಚಿಕೊಳ್ಳುವ ತಪ್ಪಲ್ಲ ಇದು. ಬಾ ಎನ್ನಲು ನನಗೆ ಬಾಯಿಲ್ಲ. ನೀನು ಬಂದರೂ ಬಾರದಿದ್ದರೂ ನಿನ್ನ ಸಂಗೀತ ನಿಲ್ಲಬಾರದು, ಅದಕ್ಕೆ ಕಾರಣ ನಾನಾಗಬಾರದು. ಪ್ರಣೀತಾಗೆ ನನ್ನ ನೆನಪು ಹೇಳು, ಮಗುವಿನ ನೆತ್ತಿಗೆ ನನ್ನ ಪರವಾಗಿ ಒಂದು ತೊಟ್ಟು ಎಣ್ಣೆ ಇಡು. ನಿನ್ನ ಬೆನ್ನು ನೋಡಿಕೋ.

ನಿನ್ನ ಅತ್ತೆ,
ಜಲಜಾಕ್ಷಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಮಟ್ಟಿನ ಮೊದಲರ್ಧ ಈಗ ಆ ಆರು ಜನರ ಕೈಯಲ್ಲಿದೆ. ಮುಂದಿನದು ಗೊತ್ತಾಗುವವರೆಗೆ ಅದನ್ನು ಎತ್ತುವುದಿಲ್ಲವೆಂದು ನೊರೀನ್ ಹೇಳಿ ಕಳಿಸಿದ್ದಾಳೆ. ಎರಡನೆಯ ಭಾಗ ನನಗೇಕೆ ಗೊತ್ತಿಲ್ಲವೆಂದು ಅವಳು ಕೇಳಿದಾಗ ನಿಜ ಹೇಳಲು ನಾಚಿಕೆಯಾಯಿತು, ನಿನಗೆ ಹೇಳುತ್ತೇನೆ. ಆ ಭಾಗಕ್ಕೆಂದು ಮೇಲಿನ ಸ್ಥಾಯಿಗೆ ನೀನು ಹೋಗುತ್ತಿದ್ದ ಹಾಗೆ, ಪ್ರತಿ ಸಂಜೆ, ಬೇಕೆಂದೇ ನಾನು ಮಿಕ್ಸಿ ಹಾಕುತ್ತಿದ್ದೆ. ಈಗ ತೆಂಗಿನಕಾಯಿಯನ್ನು ಬೆಳಿಗ್ಗೆಯೇ ಅರೆದು ಫ್ರಿಜ್ಜಿನಲ್ಲಿಡುತ್ತಿದ್ದೇನೆ.