ಮೇಷ್ಟ್ರು ಮೇಕೆಯಾದ ಅಪರಾಧಕ್ಕೆ

ನಮ್ಮ ವಲಯದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರೇ,

ನಂದಗುಡಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರು. ತಾವು ಸಕಾಲಕ್ಕೆ ಬಂದು ಅದನ್ನು ನಿಲ್ಲಿಸಿದಿರಿ. ಎಳೆಯ ಮಕ್ಕಳಿಗೆ ನಾಟಕ ಆಡಿ ತೋರಿಸುತ್ತಿದ್ದ ನರಸಿಂಹಯ್ಯ ಮೇಷ್ಟ್ರಿಗೆ ತಮ್ಮ ಶಿಫಾರಸಿನ ಮೇಲೆ ತ್ಯಾಮಗೊಂಡ್ಲು ಕಡೆಗೆ ವರ್ಗವಾಗಿದೆ. ಇಲಾಖೆಗೆ ಒದಗಿದ್ದ ಅಪಾಯವೇನೋ ತಪ್ಪಿತು. ನಮಗಾದ ನಷ್ಟವನ್ನು ಮಾತ್ರ ಹತ್ತು ಜನರೆದುರು ಹೇಳಬೇಕೆನಿಸಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ರೇಷ್ಮೆಗೂಡಿನ ವ್ಯಾಪಾರಿ. ಮಹಾಯುದ್ಧದ ಕಾಲದಲ್ಲಿ ಹೊಸಕೋಟೆ ಪೇಟೆಯಿಂದ ಸಂಸಾರ ಸಮೇತ ಈ ಹಳ್ಳಿಗೆ ಬಂದವನು. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು ಮಾತು. ಆರು ವರ್ಷದ ಮಗಳು ಪರ್ವೀನಳನ್ನು ಇಲ್ಲಿನ ಕನ್ನಡ ಶಾಲೆಗೆ ಸೇರಿಸಿದೆ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಕಷ್ಟ. ಶಾಲೆಯ ಹೊಸಿಲು ದಾಟಿದರೆ ತುಟಿ ಬಿಚ್ಚಳು. ಹಾಜರಿ ಕೂಗಿದರೆ ಕೈಯೆತ್ತುವಳು, ಅಷ್ಟೇ. ಮಳೆಗಾಲವೆಲ್ಲ ಹೀಗೇ ಕಳೆಯಿತು. ಶಾಲೆ ಬಿಡಿಸೋಣವೆಂದು ನಾನೂ ನನ್ನ ಹೆಂಡತಿ ಶಾಕಿರಾಳೂ ನಿಶ್ಚಯಿಸಿದ್ದೆವು. ಮೇಷ್ಟ್ರು ತಡೆದರು. "ಇನ್ನೊಂದು ತಿಂಗ್ಳು ಕಳಿಸ್ರಿ ಸಾಬ್ರೇ. ನಿಮ್ ಹುಡ್ಗಿ ಬಾಯಿ ಮುಚ್ಕೊಂಡವ್ಳೆ, ಕಿವಿ ಮುಚ್ಕೊಂಡಿಲ್ಲ" ಎಂದರು.

ತಾವು ತನಿಖೆಗೆ ದಯಮಾಡಿಸಿದ ದಿನ ನಾನೂ ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಕರಿಕಂಬಳಿ ಹೊದ್ದು, ಮೇಕೆಯಾಗಿ, ನೆಲದ ಮೇಲೆ ಕೂತ ಮಕ್ಕಳ ನಡುವೆ ನಾಲ್ಕು ಕಾಲಲ್ಲಿ ಮರಿಯನ್ನು ಹುಡುಕುತ್ತಿದ್ದರು. ದೊಡ್ಡ ತರಗತಿಯ ಹುಡುಗನೊಬ್ಬ ನರಿ. ಮರಿಯನ್ನು ಕಂಬದ ಹಿಂದೆ ಬಚ್ಚಿಟ್ಟು, ಹೇಳಬೇಡಿರೆಂದು ಮಕ್ಕಳಿಗೆ ಸನ್ನೆ ಮಾಡುತ್ತಿದ್ದ.

"ನನ್ ಮರೀನ ಯಾರಾನ ಕಂಡ್ರೇನ್ರಪ್ಪಾ?" ಎಂದು ಮೇಕೆ ಗೋಳಾಡಿತು.

"ನಾ ಕಾಣೆ ಕಣಕ್ಕಾ" ಎಂದಿತು ನರಿ.

ನನ್ನ ಮಗಳು ಎದ್ದು ನಿಂತಳು. "ಸುಳ್ಳು! ನರಿ ಸುಳ್ಳು ಹೇಳ್ತೈತೆ! ಮರಿ ಅಲ್ಲೈತೆ!" ಎಂದು ಕಿರುಚಿ, ಓಡಿಹೋಗಿ ನರಿಯ ಬಾಲ ಹಿಡಿದು ಜಗ್ಗಿದಳು. ಇಡೀ ತರಗತಿ ಅವಳ ಹಿಂದೆ ನುಗ್ಗಿತು. ಶಾಲೆಯಲ್ಲಿ ಅವಳಾಡಿದ ಮೊದಲ ಮಾತು ಅದು. ನಾನು ಹೊಸಿಲು ದಾಟಿ ಒಳಗೇ ಬಂದುಬಿಟ್ಟೆ; ತಮಗೆ ಕೋಪ ಬಂತು.

"ಪ್ರೇಕ್ಷಕರು ಎದ್ದು ಕೂಗಾಡುವ ನಾಟಕ ಯಾವ ದೇಶದ್ದು ರೀ? ಸರ್ಕಾರಿ ನೌಕರ ನಾಲ್ಕು ಕಾಲಲ್ಲಿ ನಡೆಯಬಹುದೇ?" ಎಂದು ಗದರಿದಿರಿ.

"ಮೇಕೆ ಎರಡು ಕಾಲಲ್ಲಿ ನಡೆದ್ರೆ ಮಕ್ಳು ನಂಬಲ್ಲ ಸ್ವಾಮಿ" ಎಂದರು ಮೇಷ್ಟ್ರು, ಕಂಬಳಿಯೊಳಗಿಂದಲೇ. ಅದು ತಮಗೆ ಉದ್ಧಟತನವೆನಿಸಿತು.

ಕಣ್ಣೆದುರೇ ಮೋಸ ನಡೆಯುತ್ತಿದ್ದರೆ ಆರು ವರ್ಷದ ಮಗು ಕೈಕಟ್ಟಿ ಕೂತಿರಬೇಕೆ? ಹಾಗೆ ಕೂತಿರಲು ಮುಂದೆ ಬೇಕಾದಷ್ಟು ಕಾಲವಿದೆಯಲ್ಲ. ನಾವು ದೊಡ್ಡವರೆಲ್ಲ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದೇವೆ! ಮಕ್ಕಳ ನಾಟಕ ಹೇಗಿರಬೇಕೆಂದು ತೋರಿಸಲು ಮರುತಿಂಗಳು ತಾವೇ ಒಂದನ್ನು ರಚಿಸಿ ಆಡಿಸಿದಿರಿ. ತಗಡಿನ ಕಿರೀಟದ ರಾಜನೊಬ್ಬ ರಾಜಕುಮಾರನಿಗೆ ವಿಧೇಯತೆಯ ಲಾಭಗಳನ್ನು ಸಂಜೆಯವರೆಗೂ ವಿವರಿಸಿದ. ಒಂದು ಮಗುವೂ ಮಿಸುಕಲಿಲ್ಲ. "ಶಿಸ್ತೆಂದರೆ ಇದು" ಎಂದು ಹಿಗ್ಗಿದಿರಿ. ನಿದ್ದೆಹೋದ ಮೊಮ್ಮಗನನ್ನು ಹೆಗಲಿಗೊರಗಿಸಿಕೊಂಡ ನಮ್ಮೂರ ಭಾಗ್ಯಮ್ಮ ತಮಗೆ ಕೈಮುಗಿದು ಹೇಳಿದ್ದು ನೆನಪಿದೆಯೇ? "ಭಾಳ ಚೆನ್ನಾಗೈತೆ ಸ್ವಾಮಿ ನಾಟ್ಕ. ಹಲ್ಲು ನೋವಲ್ಲಿ ವಾರದಿಂದ ಇದ್ಕೆ ನಿದ್ದೇನೇ ಇರ್ಲಿಲ್ಲ." ತಾವು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದಿರಿ.

ಮೇಷ್ಟ್ರು ಗಾಡಿ ಹತ್ತಿದ ದಿನ ಪರ್ವೀನ್ ಗಾಡಿಯ ಹಿಂದೆ ಕೆರೆ ಏರಿಯವರೆಗೂ ಓಡಿದಳು. ಹೊಸ ಮೇಷ್ಟ್ರು ಒಳ್ಳೆಯವರೇ, ಆದರೆ ನಗಲು ಹೆದರುತ್ತಾರೆ. ಮಕ್ಕಳು ಈಗ ಸಂಜೆ ನಮ್ಮ ಜಗಲಿಯಲ್ಲಿ ಸೇರಿ ತಮ್ಮಷ್ಟಕ್ಕೆ ನಾಟಕ ಆಡಿಕೊಳ್ಳುತ್ತಾರೆ. ಮೊನ್ನೆ ಹೊಸದೊಂದು ಪಾತ್ರ ಬಂದಿತ್ತು: ನನ್ನ ಟೋಪಿ, ನನ್ನ ಕೋಟು, ಕೈಯಲ್ಲೊಂದು ಬೆತ್ತ. "ಯಾವ ದೇಶದ್ದು ರೀ?" ಎಂದು ಗದರುತ್ತ ಓಡಾಡಿದವಳು ನನ್ನ ಮಗಳು. ಅವಳ ಕನ್ನಡದ ಉಚ್ಚಾರ ಇಷ್ಟು ಸುಧಾರಿಸಿದ್ದಕ್ಕೆ ತಮಗೆ ಋಣಿ.

ನಾನು ಕೇಳುವುದು ಎರಡು. ನರಸಿಂಹಯ್ಯ ಮೇಷ್ಟ್ರನ್ನು ನಮ್ಮ ಶಾಲೆಗೆ ವಾಪಸು ಕಳಿಸಿ. ತಾವು ಇನ್ನು ಮುಂದೆ ನಾಟಕ ಬರೆಯಬೇಡಿ. ಎರಡರಲ್ಲಿ ಒಂದೇ ಸಾಧ್ಯವೆಂದರೆ ಮೇಷ್ಟ್ರನ್ನೇ ಕಳಿಸಿ. ತಮ್ಮ ನಾಟಕವನ್ನು ಮಕ್ಕಳು ಮಲಗಿಕೊಂಡಾದರೂ ಸಹಿಸುತ್ತಾರೆ.

ಇಂತಿ,
ಶಿಸ್ತು ಕಲಿಯದ ಹುಡುಗಿಯ ತಂದೆ,
ಮುನಾವರ್ ಪಾಷಾ