ಎಡಗೈ ಹೆಣಿಗೆ

ಪೊರೊ, ಕಾಮೋಟೆಸ್ ದ್ವೀಪ
೧೪ ಸೆಪ್ಟೆಂಬರ್ ೨೦೧೯, ಶನಿವಾರ

ನನ್ನ ಬಂಗಾರ ಅರ್ಲೀನ್,

ಬಾಲಯೇಸುವಿನ ಕಣ್ಣು ನಿನ್ನ ಮೇಲೂ, ಎದೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿರುವ ನಮ್ಮ ಕೂಸಿನ ಮೇಲೂ ಇರಲಿ. ನಿನ್ನೆ ನೀನು ಫೋನಿನಲ್ಲಿ, ಕೂಸು ಕೊಳವೆಯಿಲ್ಲದೆ ಉಸಿರಾಡುತ್ತಿದೆ, ಹಾಲೂ ಚೀಪಿತು ಎಂದಾಗ ನನಗೆ ಒಲೆಯ ಮೇಲಿನ ಪುಸೋ ಮರೆತೇಹೋಯಿತು. ನೀರು ಬತ್ತಿ, ತೆಂಗಿನ ಗರಿಯಲ್ಲಿ ಹೆಣೆದ ಅನ್ನದ ಪೊಟ್ಟಣಗಳೆಲ್ಲ ತಳ ಹಿಡಿದವು. ನಿನ್ನಪ್ಪ ಆ ಸೀದ ಅನ್ನವನ್ನೇ ತಿನ್ನುತ್ತಾ, "ಇಂಥಾ ಸುದ್ದಿ ಬರೋದಾದ್ರೆ ದಿನಾ ಸೀಯ್ಸೇ," ಅಂದರು.

ಫೋನಿನಲ್ಲಾದರೆ ನನ್ನ ಬಾಯಿ ಬೇರೆ ಕಡೆ ತಿರುಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನೀನು ಎಡಚಿ. ಬಸುರಿಯಾಗಿದ್ದಾಗ ಪುಸೋಗೆ ಗರಿ ಹೆಣೆಯಲು ಕೂತಾಗಲೆಲ್ಲ ನಾನು, "ತಿರುಗಾಮುರುಗಾ ಹೆಣೀಬೇಡ್ವೇ, ಹೊಟ್ಟೇಲಿರೋದೂ ಹಂಗೇ ಹೆಣ್ಕೊಳ್ಳತ್ತೆ," ಎಂದು ಬೈಯುತ್ತಿದ್ದೆ. ಆಮೇಲೆ ನಗರದಲ್ಲಿ ಡಾಕ್ಟರಮ್ಮ ಹೊಟ್ಟೆಯೊಳಗಿನ ಕೂಸಿನ ಗುಂಡಿಗೆಯನ್ನು ಪರದೆಯ ಮೇಲೆ ತೋರಿಸಿ, ಅದರಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿವೆ ಎಂದಾಗ, ನೀನು ಎಡಗೈಯನ್ನು ತೊಡೆಯಡಿ ಬಚ್ಚಿಟ್ಟೆ. ನಾನು ನೋಡಿದೆ ಮಗಳೇ.

ನೀನು ಹೊರಗೆ ಹೋದ ಮೇಲೆ ಆಕೆಯನ್ನು ಕೇಳಿಯೇಬಿಟ್ಟೆ. "ಅಜ್ಜೀ, ಬಸುರಿ ಅಂತ ಗೊತ್ತಾಗೋ ಹೊತ್ತಿಗೇ ಆ ನಾಳ ಹೆಣೆದಾಗಿರತ್ತೆ. ಯಾರ ಕೈ ತಪ್ಪೂ ಅಲ್ಲ," ಎಂದರು. "ಹುಟ್ಟೋಕ್ ಮುಂಚೆ ಕಂಡಿದ್ದೇ ಪುಣ್ಯ. ಇಲ್ಲೇ ಹೆರಲಿ, ನಾವು ಸರಿಮಾಡ್ತೀವಿ. ದ್ವೀಪದಲ್ಲೇ ಹುಟ್ಟಿದ್ರೆ ನೀಲಿಯಾಗಿ, ದೋಣಿ ದಡ ಸೇರೋ ತನಕ ಉಳೀತಿತ್ತೋ ಇಲ್ವೋ." ನಾಚಿಕೆಗೆ ಇದನ್ನು ಅಂದೇ ನಿನಗೆ ಹೇಳಲಿಲ್ಲ. ಕೈ ಹೊರಗೆ ತೆಗೆ. ಆ ಕೈಯಲ್ಲೇ ಕೂಸನ್ನೆತ್ತು.

ಇನ್ನು ಸೂಲಗಿತ್ತಿ ಪುರಿಂಗ್ ವಿಷಯ. ನಗರಕ್ಕೆ ಹೋಗಿ ಮಗುವಿನ ಗುಂಡಿಗೆ ನೋಡಿಸಿ ಎಂದು ಊರ ಆಸ್ಪತ್ರೆಯವರು ಅವಳ ಕೈಯಲ್ಲಿ ಕಳಿಸಿದ ಚೀಟಿ ನಿನ್ನ ಕೈಗೆ ಬಂದಾಗ ತಾರೀಕು ಒಂಬತ್ತು ದಿನ ಹಳೆಯದಾಗಿತ್ತು, ನಿಜ. ನಗರ ಸೇರಿದ ಮೂರನೇ ದಿನಕ್ಕೇ ನಿನಗೆ ನೋವು ಬಂತು, ಅದೂ ನಿಜ. ನಗರಕ್ಕೆ ಹೊರಡುವಾಗ ದೋಣಿಕಟ್ಟೆಯಲ್ಲಿ ಎಲ್ಲರೆದುರು ನೀನು, "ಒಂಬತ್ತು ದಿನ ಎಲ್ಲಿ ಕೋಳಿ ಜೂಜು ನೋಡ್ತಾ ಕೂತಿದ್ದೆ?" ಎಂದು ಅವಳನ್ನು ಕೇಳಿದೆ. ಅವಳು ಒಮ್ಮೆ ನನ್ನ ಮುಖ ನೋಡಿ, ನಿನ್ನ ಗಂಟನ್ನೆತ್ತಿ ದೋಣಿಯಲ್ಲಿಟ್ಟಳು. ಈಗ ಅವಳು ಜ್ಞಾನಸ್ನಾನಕ್ಕೆ ಕಾಲಿಡಕೂಡದು ಎನ್ನುತ್ತೀಯ. ಹಾಗನ್ನಬೇಡ. ಮಳೆ, ದೋಣಿ, ತಡವಾಗಲು ನೂರು ಕಾರಣ.

ಪುಸೋ ನಿನ್ನಪ್ಪನ ಕೈಯಲ್ಲಿ ಕಳಿಸಿದ್ದೇನೆ. ಎಲ್ಲವನ್ನೂ ನಿನ್ನ ಹಾಗೆ ಎಡಗೈಯಲ್ಲಿ ಹೆಣೆದೆ. ಸೊಟ್ಟಗಿವೆ, ಒಂದು ಅಗುಳೂ ಸೋರಿಲ್ಲ.

ನಿನ್ನ ತಾಯಿ,
ಗ್ಲಿಸೆರಿಯಾ

ತಾ.ಕ.: ಮಳೆಯೂ ಅಲ್ಲ, ದೋಣಿಯೂ ಅಲ್ಲ. ಪುರಿಂಗ್ ಚೀಟಿಯನ್ನು ಅಂದೇ ತಂದಿದ್ದಳು, ನೀನು ಮಲಗಿದ್ದೆ. ನಾನದನ್ನು ಬಾಲಯೇಸುವಿನ ಮೂರ್ತಿಯಡಿ ಇಟ್ಟು, ಅದರಲ್ಲಿ ಬರೆದದ್ದು ಸುಳ್ಳಾಗಲಿ ಎಂದು ಒಂಬತ್ತು ದಿನದ ಪ್ರಾರ್ಥನೆ ಹಿಡಿದೆ. ಅವಳು ವಿಚಾರಿಸಿದಾಗ, ನೀನು ನಗರಕ್ಕೆ ಹೋಗಿದ್ದೀಯ ಎಂದು ಸುಳ್ಳು ಹೇಳಿದೆ. ಒಂಬತ್ತನೇ ದಿನ ಅವಳು ಪುಸೋ ಕೊಳ್ಳಲು ಬಂದು, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ನಿನ್ನನ್ನು ಕಂಡು, ನನ್ನ ಹರಕೆಗಳೆಲ್ಲ ಎಲ್ಲಿರುತ್ತವೆಂದು ಬಲ್ಲವಳಾದ್ದರಿಂದ ಸೀದಾ ಒಳಗೆ ಬಂದು ಮೂರ್ತಿ ಎತ್ತಿದಳು. "ಸ್ವಾಮಿ ನಿನ್ ಮೊರೆ ಕೇಳಿ ಉತ್ತರಾನೂ ಕಳ್ಸಿದ್ದಾನಲ್ಲೇ! ಆ ಉತ್ತರದ ಮೇಲೇ ಅವನ್ನ ಕೂರ್ಸಿದ್ದೀಯಲ್ಲ ಮಾರಾಯ್ತಿ!" ಆಮೇಲೆ ನನ್ನ ಹೆಸರೆತ್ತದೆ ಚೀಟಿಯನ್ನು ನಿನ್ನ ಕೈಗೆ ಕೊಟ್ಟಳು. ಪಾದ್ರಿಗಳು ಕ್ಷಮಿಸಿದರು. ನೀನು ನಿಧಾನಕ್ಕೆ ಕ್ಷಮಿಸು, ನಾನು ಕಾಯುತ್ತೇನೆ. ಜ್ಞಾನಸ್ನಾನದಲ್ಲಿ ಕೂಸನ್ನೆತ್ತಿಕೊಳ್ಳುವ ಜ್ಞಾನದ ತಾಯಿಯಾಗಿ ಮಾತ್ರ ಪುರಿಂಗಳನ್ನೇ ನಿಲ್ಲಿಸು.